ಸರ್ಪಗಂಧದ ಬೇರು

ನಮ್ಮ ಹ್ಯಾಂಡ್‌ಪೋಸ್ಟ್ ಇರುವುದು ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಇಲ್ಲಿ ಹೊಲವೂ ಇದೆ, ಕಾಡೂ ಇದೆ. ಹಾವೂ ಇದೆ, ಮದ್ದಿನ ಗಿಡವೂ ಇದೆ.

ಒಂದು ಸಂಜೆ ಪಾಠದ ಹೊತ್ತಿನಲ್ಲಿ ಒಬ್ಬ ಅಕ್ಕ ಹೇಳಿದರು: "ನಮ್ಮ ಹಿತ್ಲಲ್ಲಿ ಸರ್ಪಗಂಧ ಅದೆ ಮೇಷ್ಟ್ರೇ. ಹಾವು ಕಚ್ಚುದ್ರೆ ಬೇರು ತೇದು ಕುಡಿಸುದ್ರಾಯ್ತು. ಆಸ್ಪತ್ರೆ ಯಾಕೆ?"

ಈ ಮಾತು ನಿಜವೇ? ಬನ್ನಿ, ಓದಿ ತಿಳಿಯೋಣ.

ಬೇರಿನಲ್ಲಿ ಏನಿದೆ?

ಸರ್ಪಗಂಧ ಒಂದೆರಡು ಅಡಿ ಎತ್ತರದ ಗಿಡ. ಒಂದೊಂದು ಗೆಣ್ಣಿಗೆ ಸಾಮಾನ್ಯವಾಗಿ ಮೂರು ಎಲೆ. ಬೇರು ಬಹಳ ಕಹಿ.

ಗಿಡ ಓಡಲಾರದು. ಹುಳ, ದನಕರು ತಿನ್ನಲು ಬಂದರೆ ಏನು ಮಾಡಬೇಕು? ಅದಕ್ಕೇ ಅನೇಕ ಗಿಡಗಳು ತಮ್ಮೊಳಗೆ ಕಹಿ ವಸ್ತುಗಳನ್ನು ಮಾಡಿಕೊಳ್ಳುತ್ತವೆ. ಅವುಗಳಲ್ಲಿ ಕೆಲವು ನಮಗೆ ಮದ್ದು. ಅಳತೆ ಮೀರಿದರೆ ಅವೇ ವಿಷ.

ಸರ್ಪಗಂಧದ ಬೇರಿನಲ್ಲಿ ಅಂಥ ವಸ್ತುಗಳು ಹಲವು ಇವೆ. ಮುಖ್ಯವಾದದ್ದು ರೆಸರ್ಪಿನ್. ಅದು ನರಗಳ ಬಿಗಿತ ಕಡಿಮೆ ಮಾಡುತ್ತದೆ. ಆಗ ರಕ್ತನಾಳ ಸಡಿಲವಾಗುತ್ತದೆ. ರಕ್ತದೊತ್ತಡ, ಅಂದರೆ ಬಿ.ಪಿ., ಇಳಿಯುತ್ತದೆ.

ಮುಂಬಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲ್ ಈ ಬೇರನ್ನು ಬಿ.ಪಿ. ರೋಗಿಗಳಿಗೆ ಕೊಟ್ಟು ನೋಡಿದರು. ಗುಣ ಕಂಡಿತು. 1949ರಲ್ಲಿ ಅದನ್ನು ಬರೆದು ಲೋಕಕ್ಕೆ ತಿಳಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡ್ ದೇಶದ ವಿಜ್ಞಾನಿಗಳು ಬೇರಿನಿಂದ ರೆಸರ್ಪಿನ್ ಬೇರ್ಪಡಿಸಿದರು. ಅದರಿಂದ ಮಾತ್ರೆ ಬಂತು.

ಮಾತ್ರೆಯ ಅಳತೆ ಎಷ್ಟು ಗೊತ್ತೇ? ಒಂದು ಗ್ರಾಂ ರೆಸರ್ಪಿನ್ ತೆಗೆದುಕೊಳ್ಳಿ. ಅದನ್ನು 4,000 ಪಾಲು ಮಾಡಿ. ಒಂದು ಪಾಲು ಒಂದು ದಿನಕ್ಕೆ ಸಾಕು! ಹಿತ್ತಿಲ ಬೇರಿನಲ್ಲಿ ಅದು ಎಷ್ಟಿದೆ ಎಂದು ಕಣ್ಣಿಗೆ ಕಾಣದು. ಹೆಚ್ಚಾದರೆ ಮಂಪರು ಕವಿಯುತ್ತದೆ, ಬಿ.ಪಿ. ತೀರಾ ಇಳಿಯುತ್ತದೆ. ಬಹಳ ದಿನ ತಿಂದರೆ ಮನಸ್ಸು ಕುಗ್ಗುವುದೂ ಉಂಟು. ಈಗ ಬಿ.ಪಿ.ಗೆ ಬೇರೆ ಮಾತ್ರೆಗಳು ಬಂದಿವೆ. ವೈದ್ಯರು ರೆಸರ್ಪಿನ್ ಕೊಡುವುದು ಕಡಿಮೆ.

ಹಾವಿನ ವಿಷಕ್ಕೆ ಆಗುತ್ತದೆಯೇ?

ಇಲ್ಲ. ಹೆಸರಿನಲ್ಲಿ ಸರ್ಪ ಇದೆ, ಆದರೆ ಬೇರು ವಿಷ ಇಳಿಸುವುದಿಲ್ಲ.

ನಾಗರಹಾವು, ಕಟ್ಟುಹಾವುಗಳ ವಿಷ ಉಸಿರು ನಿಲ್ಲಿಸುತ್ತದೆ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಆಗ ಬಿ.ಪಿ. ತಾನಾಗಿಯೇ ಬಿದ್ದುಹೋಗಬಹುದು. ಬೀಳುವವನಿಗೆ ಬಿ.ಪಿ. ಇಳಿಸುವ ಬೇರು ಕುಡಿಸಿದರೆ? ಬಾವಿಗೆ ಬಿದ್ದವನ ಮೇಲೆ ಕಲ್ಲು ಹಾಕಿದ ಹಾಗೆ.

ವಿಷಕ್ಕೆ ಮದ್ದು ಒಂದೇ. ಅದು ಆಸ್ಪತ್ರೆಯಲ್ಲಿ ಸಿಗುವ ಆಂಟಿವೆನಮ್ ಇಂಜೆಕ್ಷನ್. ವೈದ್ಯರು ನೋಡಿ, ವಿಷ ಏರಿದ್ದರೆ ಕೊಡುತ್ತಾರೆ. 2024ರಲ್ಲಿ ಕರ್ನಾಟಕ ಸರ್ಕಾರ ಒಂದು ಆದೇಶ ಮಾಡಿತು. ಹಾವು ಕಚ್ಚಿದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕು ಎಂದಿತು.

ಹಾವು ಕಚ್ಚಿದರೆ ಹೀಗೆ ಮಾಡೋಣ:

ಧೈರ್ಯ ಹೇಳೋಣ. ನಡೆಸುವುದು ಬೇಡ.
ಉಂಗುರ, ಬಳೆ, ಕಾಲುಂಗುರ ತೆಗೆಯೋಣ.
ಕಚ್ಚಿದ ಕೈಕಾಲು ಅಲುಗಾಡದಂತೆ ನೋಡಿಕೊಳ್ಳೋಣ.
ಕುಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡ.
ಏನನ್ನೂ ಕುಡಿಸುವುದು ಬೇಡ.
108ಕ್ಕೆ ಫೋನ್ ಮಾಡೋಣ. ತಡಮಾಡದೆ ಆಸ್ಪತ್ರೆಗೆ ಹೋಗೋಣ.

ಕಟ್ಟುಹಾವು ಕಚ್ಚಿದರೆ ಗಾಯ, ನೋವು ಕಾಣದೇ ಇರಬಹುದು. ರೆಪ್ಪೆ ಜೋತುಬಿದ್ದರೆ ಅದೇ ಗುರುತು. ನೋವಿಲ್ಲ ಎಂದು ಸುಮ್ಮನಿರಬಾರದು.

ಹಾಗಾದರೆ ಗಿಡ ಕಿತ್ತೆಸೆಯಬೇಕೇ? ಬೇಡ. ಬೇರಿಗಾಗಿ ಕಿತ್ತು ಕಿತ್ತು ಕಾಡಿನಲ್ಲಿ ಸರ್ಪಗಂಧ ಅಪರೂಪವಾಗಿದೆ. ಹಿತ್ತಿಲಲ್ಲಿ ಬೆಳೆಯಲಿ.

ಪಾಠ ಮುಗಿದಾಗ ಆ ಅಕ್ಕ ಸ್ಲೇಟಿನ ಮೇಲೆ ದೊಡ್ಡದಾಗಿ 108 ಎಂದು ಬರೆದರು. "ಇದ್ನ ಗ್ವಾಡೆ ಮೇಲೂ ಬರಿತೀನಿ ಮೇಷ್ಟ್ರೇ" ಎಂದರು. ನಾವೂ ಬರೆಯೋಣ.

ಉತ್ತರ ಹೇಳಿ

1. ಸರ್ಪಗಂಧದ ಬೇರು ದೇಹದಲ್ಲಿ ಏನನ್ನು ಇಳಿಸುತ್ತದೆ?
2. ಹಾವು ಕಚ್ಚಿದವರಿಗೆ ಆ ಬೇರು ಏಕೆ ಕುಡಿಸಬಾರದು?
3. ನಿಮ್ಮ ಊರಿಗೆ ಹತ್ತಿರದ ಆಸ್ಪತ್ರೆ ಯಾವುದು? ಅದರ ಹೆಸರು ಬರೆಯಿರಿ.