ಕಸ್ತೂರಿಜಾಲಿ ಮತ್ತು ಅದರ ಬಳಗ: ಪಾಠಕ್ಕೆ ಪೂರ್ವಸಿದ್ಧತೆ

ಜತ್ತ ತಾಲೂಕಿನ ಕನ್ನಡ ಶಾಲೆಗೆ ಬರುವ ಮಗು ಜಾಲಿಯನ್ನು ಮನೆಯಲ್ಲಿ ಜಾಲಿಯೆಂದೇ ಅರಿತಿರುತ್ತದೆ. ಸಂತೆಯಲ್ಲಿ ಅದೇ ಗಿಡ ಬಾಭೂಳವಾಗುತ್ತದೆ, ವಿಜ್ಞಾನದ ಪುಸ್ತಕದಲ್ಲಿ ಅಕೇಸಿಯಾ ಆಗುತ್ತದೆ. ಈ ಮೂರೂ ಹೆಸರು ಒಂದೇ ಗಿಡದವು ಎಂದು ಶಿಕ್ಷಕರು ತಿಳಿಸದಿದ್ದರೆ, ಪುಸ್ತಕದ ಗಿಡ ಬೇರೆಲ್ಲಿಯೋ ಬೆಳೆಯುವುದೆಂದು ಭಾವಿಸಿ ಮಗು ಅದನ್ನು ಕಂಠಪಾಠ ಮಾಡುತ್ತದೆ. ಆದ್ದರಿಂದ ಸಸ್ಯಗಳ ಪಾಠವನ್ನು ಊರಿನ ಹಳ್ಳದ ದಂಡೆಯಿಂದಲೇ ಆರಂಭಿಸುವುದು ಯೋಗ್ಯ.

ಹೋಲಿಕೆಗೆ ಕಸ್ತೂರಿಜಾಲಿ ಬಹಳ ಅನುಕೂಲ. ಮರಾಠಿಯಲ್ಲಿ ಇದು ದೇವಬಾಭೂಳ. ಕರಿಜಾಲಿ ಒಂದೇ ಬೊಡ್ಡೆಯಿಂದ ಮರವಾಗಿ ಬೆಳೆದರೆ, ಇದು ಬುಡದಲ್ಲಿಯೇ ಹಲವು ಕವಲೊಡೆದು ಪೊದೆಯಾಗಿ ನಿಲ್ಲುತ್ತದೆ. ಕೊಂಬೆಗಳು ಮಕ್ಕಳ ಕೈಗೆಟುಕುವಷ್ಟು ತಗ್ಗಿನಲ್ಲಿರುವುದರಿಂದ ಅವಲೋಕನ ಸುಲಭ. ಮುಳ್ಳಿನ ಎಚ್ಚರಿಕೆಯನ್ನು ಮೊದಲೇ ನೀಡಬೇಕು. ಚಪ್ಪಲಿಯಿಲ್ಲದ ಮಕ್ಕಳನ್ನು ಗಿಡದ ಬಳಿಗೆ ಕರೆದೊಯ್ಯಬಾರದು.

ಆ ಮುಳ್ಳೇ ಮೊದಲನೆಯ ಪಾಠ. ಗುಲಾಬಿಯ ಮುಳ್ಳು ತೊಗಟೆಯ ಮೇಲ್ಪದರದಿಂದ ಹುಟ್ಟುತ್ತದೆ, ಬದಿಗೆ ಒತ್ತಿದರೆ ಕಳಚಿ ಬರುತ್ತದೆ. ನಿಂಬೆಯ ಮುಳ್ಳು ರೂಪಾಂತರಗೊಂಡ ಕೊಂಬೆ. ಜಾಲಿಯದು ಇವೆರಡೂ ಅಲ್ಲ. ಎಲೆಯ ತೊಟ್ಟಿನ ಬುಡದಲ್ಲಿ ಎರಡೂ ಬದಿಗೆ ಇರಬೇಕಾದ ಕಾವಿನೆಲೆಗಳೇ ಇಲ್ಲಿ ಮುಳ್ಳುಗಳಾಗಿವೆ. ಜಾಲಿಯ ಮುಳ್ಳು ಸದಾ ಜೋಡಿಯಾಗಿಯೇ ಏಕೆ ಇರುತ್ತದೆ ಎಂಬ ಪ್ರಶ್ನೆಗೆ ಉತ್ತರ ಇದೇ. ಉತ್ತರವನ್ನು ಮುಂಚಿತವಾಗಿ ಹೇಳದೆ, ಹತ್ತು ಗಿಣ್ಣುಗಳಲ್ಲಿ ಮುಳ್ಳುಗಳನ್ನು ಎಣಿಸಲು ಹಚ್ಚಿರಿ.

ಎರಡನೆಯದು ಹೂವು. ಚಳಿಗಾಲದಲ್ಲಿ ಅರಳುವ, ಘಮಘಮಿಸುವ ಹಳದಿ ಉಂಡೆ ಒಂದು ಹೂವಲ್ಲ, ಹತ್ತಾರು ಸಣ್ಣ ಹೂಗಳ ಗುಂಪು. ದಳಗಳು ಕಣ್ಣಿಗೆ ಕಾಣದಷ್ಟು ಕಿರಿದು. ನಾವು ಕಾಣುವ ಹಳದಿಯೆಲ್ಲ ಕೇಸರಗಳದ್ದು. ಈ ಪರಿಮಳಕ್ಕಾಗಿಯೇ ದಕ್ಷಿಣ ಫ್ರಾನ್ಸಿನಲ್ಲಿ ಇದನ್ನು ಬೆಳೆಸಿ ಅತ್ತರು ತೆಗೆಯುತ್ತಿದ್ದರು. ಗಿಡದ ಮೂಲ ಅಮೆರಿಕ ಖಂಡದ ಉಷ್ಣವಲಯ. ರೋಮಿನ ಫಾರ್ನೇಸೆ ಮನೆತನದ ಉದ್ಯಾನದಲ್ಲಿ ಬೆಳೆದ ಗಿಡದ ವರ್ಣನೆ 1625ರಲ್ಲಿ ಅಚ್ಚಾಯಿತು. 1753ರಲ್ಲಿ ಲಿನೇಯಸ್ ಆ ಮನೆತನದ ಹೆಸರನ್ನೇ ಇದಕ್ಕೆ ಉಳಿಸಿದನು. ಇಂದಿನ ಶಾಸ್ತ್ರೀಯ ನಾಮ ವಾಚೆಲಿಯಾ ಫಾರ್ನೇಸಿಯಾನಾ.

ಹಳೆಯ ಪುಸ್ತಕಗಳಲ್ಲಿ ಅಕೇಸಿಯಾ ಎಂದಿದೆಯಲ್ಲ ಎಂದು ಶಿಕ್ಷಕ ಬಂಧುಗಳು ಕೇಳುವುದುಂಟು. 2005ರಲ್ಲಿ ವಿಯೆನ್ನಾದಲ್ಲಿ ಸೇರಿದ ಅಂತರರಾಷ್ಟ್ರೀಯ ಸಸ್ಯವಿಜ್ಞಾನ ಸಮ್ಮೇಳನವು ಅಕೇಸಿಯಾ ಎಂಬ ಹೆಸರನ್ನು ಆಸ್ಟ್ರೇಲಿಯದ ವಾಟಲ್ ಗಿಡಗಳಿಗೆ ಮೀಸಲಿಟ್ಟಿತು. 2011ರ ಮೆಲ್ಬರ್ನ್ ಸಮ್ಮೇಳನದಲ್ಲಿಯೂ ಅದೇ ನಿಂತಿತು. ಆಫ್ರಿಕದ ಜಾಲಿಯಿಂದಲೇ ಹುಟ್ಟಿದ ಹೆಸರನ್ನು ಆಫ್ರಿಕ, ಏಷ್ಯಾಗಳ ಗಿಡಗಳು ಬಿಟ್ಟುಕೊಡಬೇಕಾದುದು ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ. ಆದರೂ ಮಗು ಉತ್ತರಪತ್ರಿಕೆಯಲ್ಲಿ ಹಳೆಯ ಹೆಸರು ಬರೆದರೆ ಅಂಕ ಕಳೆಯುವುದು ಸಲ್ಲದು.

ಮೂರನೆಯದು ಕಾಯಿ, ಬಳಗವನ್ನು ಬೇರ್ಪಡಿಸುವ ನಿಜವಾದ ಗುರುತು. ಕರಿಜಾಲಿಯ ಕಾಯಿ ಬೀಜ ಬೀಜದ ನಡುವೆ ಸೊಂಟ ಕಟ್ಟಿದಂತೆ ಕಿರಿದಾಗಿ ಮಣಿಸರದಂತಿರುತ್ತದೆ. ಕಸ್ತೂರಿಜಾಲಿಯದು ಬೆರಳಿನಂತೆ ದುಂಡಗೆ ಉಬ್ಬಿರುತ್ತದೆ, ಒಳಗೆ ಬೀಜಗಳು ಎರಡು ಸಾಲು. ಮರಾಠಿಯಲ್ಲಿ ಹಿವರ ಎನ್ನುವ ಬಿಳಿಜಾಲಿಯನ್ನು ಅದರ ತಿಳಿಬಣ್ಣದ ತೊಗಟೆಯೇ ತೋರಿಸಿಕೊಡುತ್ತದೆ. ಬಳ್ಳಾರಿಜಾಲಿಯ ಹೂವು ಉಂಡೆಯಲ್ಲ, ಉದ್ದನೆಯ ತೆನೆ. ಅದು ವಾಚೆಲಿಯಾ ಕುಲದ್ದೇ ಅಲ್ಲ. ಈ ಭೇದ ತಿಳಿಯದ ಕಾರಣ, ಬಳ್ಳಾರಿಜಾಲಿ ಕೀಳುವ ಶ್ರಮದಾನದ ದಿನ ಎಳೆಯ ಕರಿಜಾಲಿಗಳೂ ಕೊಡಲಿಗೆ ಬೀಳಬಹುದು. ರಂಟೆ, ಕುಂಟೆಗಳಿಗೆ ಗಟ್ಟಿಮುಟ್ಟಾದ ಕಟ್ಟಿಗೆ ಕೊಡುವುದು ಕರಿಜಾಲಿ. ಮಳೆ ಕಡಿಮೆಯಾದ ಬೇಸಿಗೆಯಲ್ಲಿ ಮಾಡಗ್ಯಾಳದ ಕುರಿಗಳಿಗೆ ಕಾಯಿ ಉದುರಿಸುವುದೂ ಅದೇ.

ಪ್ರಯೋಗಕ್ಕೆ ಕುರಿದಡ್ಡಿಯ ಅನುಭವವನ್ನೇ ಬಳಸಿರಿ. ದಡ್ಡಿಯ ಗೊಬ್ಬರ ಬಿದ್ದಲ್ಲಿ ಜಾಲಿ ಮೊಳೆಯುವುದನ್ನು ಕುರುಬರ ಮಕ್ಕಳು ಬಲ್ಲರು. ಬೀಜದ ಸಿಪ್ಪೆ ನೀರನ್ನು ಒಳಬಿಡದಷ್ಟು ಗಟ್ಟಿ. ಕುರಿಯ ಹೊಟ್ಟೆಯಲ್ಲಿ ಹಾಯ್ದಾಗ ಅದು ಮೆತ್ತಗಾಗುತ್ತದೆ. ಇಪ್ಪತ್ತು ಬೀಜಗಳಿಗೆ ಶಿಕ್ಷಕರೇ ಬಿಸಿನೀರು ಸುರಿದು ರಾತ್ರಿಯಿಡೀ ನೆನೆಯಿಡಲಿ, ಇನ್ನಿಪ್ಪತ್ತನ್ನು ಹಾಗೆಯೇ ಬಿಡಲಿ. ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಬಿತ್ತಿ, ಮೊಳೆತವುಗಳನ್ನು ಮಕ್ಕಳು ಪ್ರತಿದಿನ ಎಣಿಸಿ ಬರೆಯಲಿ. ಉಳಿದ ಕಾಯಿಗಳನ್ನು ರಟ್ಟಿಗೆ ಅಂಟಿಸಿ, ಪ್ರತಿಯೊಂದರ ಕೆಳಗೆ ಮನೆಯ ಹೆಸರು, ಮರಾಠಿ ಹೆಸರು, ಶಾಸ್ತ್ರೀಯ ನಾಮ ಇದೇ ಕ್ರಮದಲ್ಲಿ ಬರೆಸಿರಿ.