ನೀರು ನೋಡಿ ಹುಳ ಆರಿಸಿ

ಅಮೆರಿಕದ ಯೆಲ್ಲೋಸ್ಟೋನ್ ಪಾರ್ಕಿನ ಕಡೆ ಕಟ್‌ಥ್ರೋಟ್ ಟ್ರೌಟ್ ಮೀನು ಹಿಡಿಯಲು ಹೊರಟಿದ್ದೀರಾ? ಡಬ್ಬಿ ತುಂಬ ಕೃತಕ ಹುಳ, ಅಂದರೆ ಫ್ಲೈ, ಕೊಳ್ಳುವ ಅವಸರ ಬೇಡ. ಮೊದಲು ದಡದಲ್ಲಿ ಸ್ವಲ್ಪ ಹೊತ್ತು ಕೂತು ನೋಡಿ. ಪೊದೆಯ ಜೇಡರ ಬಲೆಯಲ್ಲಿ ಸಿಕ್ಕಿಬಿದ್ದ ಹುಳಗಳ ಬಣ್ಣ, ಗಾತ್ರವೇ ನಿಮಗೆ ದಾರಿ ತೋರಿಸುತ್ತದೆ.

ಆಗಸ್ಟ್‌ನಲ್ಲಿ ಅಲ್ಲಿನ ಲಾಮಾರ್ ಕಣಿವೆಯ ಹುಲ್ಲಿನಿಂದ ಮಿಡತೆಗಳು ನೀರಿಗೆ ಬೀಳುತ್ತವೆ. ಆಗ 10ನೇ ಗಾತ್ರದ ಮಿಡತೆ ಫ್ಲೈ ಕಟ್ಟಿ. ಉಳಿದಂತೆ 14 ಅಥವಾ 16ರ ಪ್ಯಾರಾಶೂಟ್ ಆ್ಯಡಮ್ಸ್, ಎಲ್ಕ್ ಹೇರ್ ಕ್ಯಾಡಿಸ್ ಫ್ಲೈಗಳು ಒಳ್ಳೆಯ ಆಯ್ಕೆ. ಸಂಖ್ಯೆ ಹೆಚ್ಚಿದಷ್ಟೂ ಗಾಳ ಚಿಕ್ಕದು, ನೆನಪಿರಲಿ.

ಈ ಮೀನು ನಿಧಾನವಾಗಿ ಮೇಲೆದ್ದು ಬಾಯಿ ಹಾಕುತ್ತದೆ. ಅದು ಬಾಯಿ ಮುಚ್ಚುವ ಮೊದಲೇ ದಾರ ಎಳೆಯಬೇಡಿ. ಪಾರ್ಕಿನಲ್ಲಿ ಹಿಮ್ಮುಳ್ಳಿಲ್ಲದ ಗಾಳವೇ ಕಡ್ಡಾಯ. ಅಲ್ಲಿನ ಮೂಲ ತಳಿಯಾದ ಈ ಮೀನನ್ನು ಒದ್ದೆ ಕೈಯಲ್ಲೇ ಹಿಡಿದು, ತಡಮಾಡದೆ ನೀರಿಗೆ ಬಿಟ್ಟುಬಿಡಿ.