ಗಾಳಿಯ ಕಡಿವಾಣ

ಕುದುರೆಯನ್ನು ಓಡಿಸುವುದು ಸುಲಭ. ಬೇಕಾದಾಗ ಕಡಿವಾಣ ಹಿಡಿದು ನಿಲ್ಲಿಸುವುದರಲ್ಲಿಯೇ ಸವಾರನ ಜಾಣ್ಮೆಯಿದೆ. ಯಂತ್ರವಾಹನಗಳಿಗೂ ಈ ಮಾತು ಸಲ್ಲುತ್ತದೆ. ಸಕಲೇಶಪುರವನ್ನು ದಾಟಿ ಮಂಗಳೂರಿನ ಕಡೆಗೆ ಶಿರಾಡಿ ಘಟ್ಟವನ್ನು ಇಳಿಯುವ, ಸರಕು ತುಂಬಿದ ಲಾರಿಗೆ ಮುಂದೆ ಸಾಗಲು ಎಂಜಿನ್ನಿನ ಬಲವೇ ಬೇಕಾಗುವುದಿಲ್ಲ. ಅದರ ಭಾರವೇ ಅದನ್ನು ಕೆಳಕ್ಕೆ ಎಳೆಯುತ್ತದೆ. ಅಷ್ಟು ಭಾರವನ್ನು ತಡೆದು ನಿಲ್ಲಿಸಲು ಚಾಲಕನ ಕಾಲಿನ ಬಲ ಸಾಲದು. ಅವನ ನೆರವಿಗೆ ಬರುವುದು ಎಲ್ಲರೂ ಉಸಿರಾಡುವ ಗಾಳಿ.

ಗಾಳಿಯಿಂದ ಬ್ರೇಕು ಹಾಕುವ ಈ ಉಪಾಯವನ್ನು ಮೊದಲು ರೂಢಿಗೆ ತಂದದ್ದು ರೈಲು. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ರೈಲನ್ನು ನಿಲ್ಲಿಸಬೇಕಾದಾಗ ಕೆಲಸಗಾರರು ಓಡುತ್ತಿರುವ ಗಾಡಿಗಳ ಛಾವಣಿಯ ಮೇಲೆ ಒಂದರಿಂದ ಇನ್ನೊಂದಕ್ಕೆ ದಾಟುತ್ತ, ಪ್ರತಿಯೊಂದು ಗಾಡಿಯ ಬ್ರೇಕನ್ನೂ ಕೈಯಿಂದ ತಿರುಗಿಸಿ ಬಿಗಿಯಬೇಕಾಗಿತ್ತು. ಆಯ ತಪ್ಪಿ ಬಿದ್ದು ಪ್ರಾಣ ಕಳೆದುಕೊಂಡವರು ಅನೇಕರು. 1869ರಲ್ಲಿ ಜಾರ್ಜ್ ವೆಸ್ಟಿಂಗ್‌ಹೌಸ್ ಎಂಬ ತರುಣನು, ಅದುಮಿದ ಗಾಳಿಯನ್ನು ಕೊಳವೆಗಳ ಮೂಲಕ ಎಲ್ಲ ಗಾಡಿಗಳಿಗೂ ಹರಿಸಿ ಬ್ರೇಕು ಹಾಕುವ ಸಾಧನಕ್ಕೆ ಪೇಟೆಂಟ್ ಪಡೆದನು. ಆದರೆ ಅದರಲ್ಲಿ ಒಂದು ಕೊರತೆಯಿತ್ತು: ಕೊಳವೆ ಒಡೆದರೆ ಗಾಳಿಯೂ ಹೋಯಿತು, ಬ್ರೇಕೂ ಹೋಯಿತು. 1872ರಲ್ಲಿ ಅವನು ಈ ಕ್ರಮವನ್ನೇ ತಿರುಗುಮುರುಗು ಮಾಡಿದನು. ಕೊಳವೆಯಲ್ಲಿ ಒತ್ತಡವಿರುವ ತನಕ ಬ್ರೇಕು ಸಡಿಲವಾಗಿರುತ್ತದೆ. ಒತ್ತಡ ಇಳಿದೊಡನೆ ಪ್ರತಿ ಗಾಡಿಯ ತೊಟ್ಟಿಯಲ್ಲಿ ಕೂಡಿಟ್ಟ ಗಾಳಿಯು ಬ್ರೇಕನ್ನು ಬಿಗಿಯುತ್ತದೆ. ಕೆಟ್ಟುಹೋದ ಗಾಡಿ ಓಡಬಾರದು, ನಿಲ್ಲಬೇಕು ಎಂಬುದೇ ಈ ಸುಧಾರಣೆಯ ತಿರುಳು.

ಇಂದಿನ ಭಾರೀ ಲಾರಿ, ಬಸ್ಸುಗಳಲ್ಲಿ ಎಂಜಿನ್ನಿನಿಂದ ನಡೆಯುವ ಕಂಪ್ರೆಸರ್ ಗಾಳಿಯನ್ನು ಅದುಮಿ ಟ್ಯಾಂಕುಗಳಲ್ಲಿ ತುಂಬುತ್ತದೆ. ಚಾಲಕನು ಪೆಡಲನ್ನು ಒತ್ತಿದಾಗ ಆ ಗಾಳಿ ಚಕ್ರದ ಬಳಿಯಿರುವ ಬ್ರೇಕ್ ಚೇಂಬರನ್ನು ಹೊಕ್ಕು ಅಲ್ಲಿನ ರಬ್ಬರಿನ ಪೊರೆಯನ್ನು ತಳ್ಳುತ್ತದೆ. ಪೊರೆಯ ಮುಂದಿನ ಸಲಾಕೆಯು ಸ್ಲ್ಯಾಕ್ ಅಡ್ಜಸ್ಟರ್ ಎಂಬ ಸನ್ನೆಯನ್ನು ತಿರುಗಿಸಿ, ಬ್ರೇಕ್ ಶೂಗಳು ಡ್ರಮ್ಮಿನ ಒಳಮೈಗೆ ಒತ್ತಿಕೊಳ್ಳುವಂತೆ ಮಾಡುತ್ತದೆ. ಪೊರೆಯ ವಿಸ್ತೀರ್ಣ 150 ಚದರ ಸೆಂಟಿಮೀಟರ್, ಗಾಳಿಯ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ 7 ಕಿಲೋಗ್ರಾಂ ಎಂದಿಟ್ಟುಕೊಂಡರೆ, ಸಲಾಕೆಯ ಮೇಲೆ ಬೀಳುವ ಬಲ 1050 ಕಿಲೋಗ್ರಾಂ ಭಾರದಷ್ಟಾಗುತ್ತದೆ. ಇದಲ್ಲದೆ ಹಿಂದಿನ ಚಕ್ರಗಳಲ್ಲಿ ಬಲವಾದ ಸ್ಪ್ರಿಂಗುಗಳಿರುತ್ತವೆ. ಅವುಗಳನ್ನು ಗಾಳಿಯೇ ಅದುಮಿ ಹಿಡಿದಿರುತ್ತದೆ. ಗಾಳಿ ತೀರಾ ಇಳಿದುಹೋದರೆ ಸ್ಪ್ರಿಂಗು ಸಿಡಿದು ಬ್ರೇಕನ್ನು ಬಿಗಿಯುತ್ತದೆ. ವೆಸ್ಟಿಂಗ್‌ಹೌಸನ ತತ್ತ್ವ ಇಲ್ಲಿ ಬೇರೊಂದು ರೂಪದಲ್ಲಿ ಮರಳಿ ಬಂದಿದೆ.

ಇಷ್ಟೆಲ್ಲ ಏರ್ಪಾಡಿದ್ದರೂ ನಿತ್ಯದ ಪರೀಕ್ಷೆ ತಪ್ಪಿದ್ದಲ್ಲ. ಏಕೆಂದರೆ ಗಾಳಿಯೂ ಕಾಣುವುದಿಲ್ಲ, ಅದು ಸೋರುವುದೂ ಕಾಣುವುದಿಲ್ಲ. ಹೊರಡುವ ಮುನ್ನ ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಒಡ್ಡಿ, ಟ್ಯಾಂಕು ತುಂಬುವ ತನಕ ಎಂಜಿನ್ನನ್ನು ನಡೆಸಬೇಕು. ಬಳಿಕ ಎಂಜಿನ್ನನ್ನು ನಿಲ್ಲಿಸಿ, ಪೆಡಲನ್ನು ಒತ್ತಿ ಹಿಡಿದು, ಒಂದು ನಿಮಿಷ ಗೇಜಿನ ಮುಳ್ಳನ್ನೇ ನೋಡುತ್ತಿರಬೇಕು. ಅಮೆರಿಕದಲ್ಲಿ ಭಾರೀ ವಾಹನದ ಪರವಾನಗಿ ಬಯಸುವ ಚಾಲಕನು ಇದನ್ನು ಪರೀಕ್ಷಕರ ಮುಂದೆ ಮಾಡಿ ತೋರಿಸಬೇಕು. ಟ್ರೈಲರ್ ಇಲ್ಲದ ಗಾಡಿಯಲ್ಲಿ ಆ ನಿಮಿಷದೊಳಗೆ ಒತ್ತಡವು ಚದರ ಅಂಗುಲಕ್ಕೆ 3 ಪೌಂಡಿಗಿಂತ ಹೆಚ್ಚು ಇಳಿಯಬಾರದು. ಆಮೇಲೆ ಕೀಲಿಯನ್ನು ತಿರುಗಿಸಿಟ್ಟು, ಪೆಡಲನ್ನು ಮತ್ತೆ ಮತ್ತೆ ಒತ್ತಿ ಗಾಳಿಯನ್ನು ಖರ್ಚು ಮಾಡಬೇಕು. ಒತ್ತಡ 55 ಪೌಂಡಿಗೆ ಇಳಿಯುವುದರೊಳಗೆ ಎಚ್ಚರಿಕೆಯ ದೀಪವಾಗಲಿ ಗಂಟೆಯಾಗಲಿ ಕೆಲಸ ಮಾಡಬೇಕು. ಇನ್ನೂ ಇಳಿದಾಗ ಸ್ಪ್ರಿಂಗ್ ಬ್ರೇಕು ತಾನಾಗಿಯೇ ಹಿಡಿಯಬೇಕು.

ಗೇಜಿನ ಮುಳ್ಳು ಸರಿಯಾಗಿದ್ದ ಮಾತ್ರಕ್ಕೆ ಬ್ರೇಕು ಸರಿಯಾಗಿದೆಯೆಂದು ನಂಬಬಹುದೆ? ನಂಬಲಾಗದು. ಟ್ಯಾಂಕಿನಲ್ಲಿ ಗಾಳಿ ಎಷ್ಟಿದೆ ಎಂಬುದನ್ನಷ್ಟೇ ಗೇಜು ಹೇಳಬಲ್ಲದು. ಶೂಗಳು ಡ್ರಮ್ಮನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತವೆ ಎಂಬುದನ್ನು ಅದು ಅರಿಯದು. ಶೂಗಳ ಲೈನಿಂಗು ಸವೆದಂತೆಲ್ಲ ಸಲಾಕೆ ಹೆಚ್ಚು ದೂರ ಚಲಿಸಬೇಕಾಗುತ್ತದೆ. ಆದರೆ ಅದರ ಚಲನೆಗೆ ಒಂದು ಮಿತಿಯುಂಟು. ಘಟ್ಟದಲ್ಲಿ ಬ್ರೇಕು ಕಾದಾಗ ಡ್ರಮ್ಮು ಹಿಗ್ಗಿ ಶೂಗಳಿಂದ ಇನ್ನಷ್ಟು ದೂರ ಸರಿಯುತ್ತದೆ. ಊರಿನ ಸಮತಟ್ಟಾದ ರಸ್ತೆಯಲ್ಲಿ ಹೇಗೋ ಹಿಡಿಯುತ್ತಿದ್ದ ಸಡಿಲ ಬ್ರೇಕು, ಟ್ಯಾಂಕಿನ ತುಂಬ ಗಾಳಿಯಿದ್ದರೂ, ಬಹಳ ಬೇಕಾದ ಕಡೆಯಲ್ಲಿಯೇ ಕೈಕೊಡುತ್ತದೆ. ಆದುದರಿಂದ ಒಬ್ಬನು ಪೆಡಲನ್ನು ಒತ್ತುತ್ತಿರುವಾಗ ಇನ್ನೊಬ್ಬನು ಗಾಡಿಯ ಕೆಳಗೆ ಬಗ್ಗಿ, ಪ್ರತಿಯೊಂದು ಚಕ್ರದ ಸಲಾಕೆಯೂ ಎಷ್ಟು ಹೊರಬರುತ್ತದೆ ಎಂಬುದನ್ನು ಅಳೆದು ನೋಡಬೇಕು.

ಈ ಕಾವು ಅಲ್ಪವಾದುದಲ್ಲ. 16 ಟನ್ ತೂಕದ ಲಾರಿಯೊಂದು 500 ಮೀಟರ್ ಎತ್ತರದಿಂದ ಇಳಿಯುವಾಗ ಬಿಡುಗಡೆಯಾಗುವ ಶಕ್ತಿಯೆಲ್ಲ ಉಷ್ಣವಾದರೆ, ಸುಮಾರು 250 ಲೀಟರ್ ತಣ್ಣೀರು ಕುದಿಯುವ ಹಂತಕ್ಕೆ ಬರುತ್ತದೆ. ಈ ಹೊರೆಯಲ್ಲಿ ಎಂಜಿನ್ನೂ ಪಾಲು ಪಡೆಯಲೆಂದೇ ಅನುಭವಸ್ಥ ಚಾಲಕರು ಇಳಿಜಾರಿನ ತಲೆಯಲ್ಲಿಯೇ ಕೆಳಗಿನ ಗೇರನ್ನು ಹಾಕಿಕೊಳ್ಳುತ್ತಾರೆ. ಡೀಸೆಲ್ ಉಳಿಸುವ ಆಸೆಯಿಂದ ಗೇರನ್ನು ಬಿಡಿಸಿ ಗಾಡಿಯನ್ನು ಹರಿಯಬಿಡುವವರು ಆ ಭಾರವನ್ನೆಲ್ಲ ಬ್ರೇಕಿನ ಮೇಲೆಯೇ ಹೊರಿಸುತ್ತಾರೆ.

ಗಾಳಿಯಲ್ಲಿರುವ ತೇವವೂ ಒಂದು ಶತ್ರು. ಅದುಮುವಾಗ ಬಿಸಿಯಾದ ಗಾಳಿ ಟ್ಯಾಂಕಿನಲ್ಲಿ ತಣಿದಾಗ ಅದರೊಳಗಿನ ಆವಿ ನೀರಾಗಿ ತಳದಲ್ಲಿ ನಿಲ್ಲುತ್ತದೆ. ನೀರು ನಿಂತಷ್ಟೂ ಗಾಳಿಗೆ ಎಡೆ ಕಡಿಮೆ. ಕವಾಟಗಳಿಗೆ ತುಕ್ಕೂ ಹಿಡಿಯುತ್ತದೆ. ಟ್ಯಾಂಕಿನ ಕೆಳಗಿನ ತೂಬನ್ನು ತೆರೆದು ಆ ನೀರನ್ನು ಆಗಾಗ ಹೊರಬಿಡಬೇಕು. ನೀರಿನೊಡನೆ ಎಣ್ಣೆ ಬಹಳವಾಗಿ ಬಂದರೆ ಕಂಪ್ರೆಸರ್ ಸವೆದಿದೆಯೆಂದು ತಿಳಿಯಬೇಕು.

ನಮ್ಮ ದೇಶದಲ್ಲಿ 1988ರ ಮೋಟಾರು ವಾಹನಗಳ ಅಧಿನಿಯಮದಂತೆ ಸಾರಿಗೆ ವಾಹನಗಳಿಗೆ ಅರ್ಹತಾ ಪತ್ರ ಬೇಕು. ಆದರೆ ಆ ಪತ್ರವು ತಪಾಸಣೆಯ ದಿನದ ಸ್ಥಿತಿಗೆ ಸಾಕ್ಷಿ. ಅಂದಿನಿಂದ ಸವೆದುದನ್ನು ಅದು ಕಾಣದು. ಬಸ್ಸಿನಲ್ಲಿ ನಿದ್ದೆಹೋಗುವ ಪ್ರಯಾಣಿಕನಾಗಲಿ, ಘಟ್ಟದ ಕೆಳಗೆ ರಸ್ತೆ ದಾಟುವ ಶಾಲೆಯ ಮಕ್ಕಳಾಗಲಿ ಬ್ರೇಕನ್ನು ಪರೀಕ್ಷಿಸಿ ನೋಡುವವರಲ್ಲ. ಅವರೆಲ್ಲರ ಪರವಾಗಿ ಆ ಕೆಲಸ ಮಾಡುವವನು, ಬೆಳಗಿನ ಮಬ್ಬಿನಲ್ಲಿ ಟಾರ್ಚು ಹಿಡಿದು ಗಾಡಿಯ ಕೆಳಗೆ ತೂರುವ ಚಾಲಕ, ಇಲ್ಲವೆ ಮೆಕ್ಯಾನಿಕ್. ಯಾರೂ ನೋಡದಿದ್ದರೂ ಅವನು ನಿಷ್ಠೆಯಿಂದ ಕಳೆಯುವ ಆ ಹತ್ತು ನಿಮಿಷಗಳ ಮೇಲೆ ಅನೇಕರ ಪ್ರಾಣ ನಿಂತಿದೆ.